ಆರ್ಗಾನಿನ ತವರು

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು, ಕರಾರುವಾಕ್ಕಾಗಿ ಹೇಳುವುದಾದರೆ ಗಾತ್ರದಲ್ಲಿ ಶೇಕಡಾ 0.93ರಷ್ಟು, ಆರ್ಗಾನ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ತಾನೂ ಉರಿಯದು, ಉರಿಯುವ ವಸ್ತುವಿಗೆ ನೆರವನ್ನೂ ನೀಡದು. ಎದೆಯೊಳಕ್ಕೆ ಹೋದದ್ದು ಹೋದ ಹಾಗೆಯೇ ಹೊರಕ್ಕೆ ಬರುತ್ತದೆ. ಸಸ್ಯಕೋಟಿಯ ಜೀವನಕ್ಕೆ ಆಧಾರಭೂತವಾದ ಇಂಗಾಲದ ಡೈಆಕ್ಸೈಡ್ ವಾಯುಮಂಡಲದಲ್ಲಿ ಎಷ್ಟಿದೆಯೋ ಅದರ ಇಪ್ಪತ್ತು ಮಡಿಗೂ ಮಿಕ್ಕು ಆರ್ಗಾನ್ ಇದೆ. ಹೀಗಿದ್ದೂ, ಗಾಳಿಯನ್ನು ತೂಗಿ, ಅಳೆದು, ಒಡೆದು ನೋಡುವುದನ್ನೇ ವ್ರತವಾಗಿ ಕೈಗೊಂಡಿದ್ದ ಯೂರೋಪಿನ ರಸಾಯನಶಾಸ್ತ್ರಜ್ಞರ ಕಣ್ಣಿಗೆ ಅದು ನೂರು ವರ್ಷಗಳಿಗೂ ಹೆಚ್ಚು ಕಾಲ ಬೀಳಲಿಲ್ಲ. ಕೊನೆಗೆ ಅದನ್ನು ಲಂಡನ್ನಿನಲ್ಲಿ ಹಿಡಿದು ನಿಲ್ಲಿಸಿದ ಆಚಾರ್ಯನೂ, ಅದರ ಬಂಧುವರ್ಗವನ್ನು ಆತನೊಡನೆ ಹುಡುಕಿ ತೆಗೆದ ಶಿಷ್ಯನೂ, ಒಬ್ಬರ ಹಿಂದೆ ಒಬ್ಬರಂತೆ ಬೆಂಗಳೂರಿಗೆ ಬಂದರು; ಬಂದವರು ನಾಡಿಗೆ ಒಂದು ಮಹಾಸಂಸ್ಥೆಯನ್ನು ಬಿಟ್ಟುಹೋದರು. ಆದರೆ ಅವರಿದ್ದ ಊರಿನಿಂದ ಹನ್ನೆರಡು ಹರಿದಾರಿಯೂ ಇಲ್ಲದ ರಾಮನಗರ, ಮಾಗಡಿಗಳ ಬೆಟ್ಟಗಳಲ್ಲಿ ಆ ಅನಿಲವು ಇಂದಿಗೂ ಹುಟ್ಟುತ್ತಲೇ ಇದೆಯೆಂಬುದು ಆಗ ಅವರಿಗಾಗಲಿ ಲೋಕದಲ್ಲಿ ಮತ್ತಾರಿಗಾಗಲಿ ತಿಳಿದಿರಲಿಲ್ಲ.

ಮೊದಲ ಸುಳಿವು ದೊರೆತದ್ದು 1785ರಲ್ಲಿ. ಹೆನ್ರಿ ಕ್ಯಾವೆಂಡಿಷ್ ಎಂಬ ಏಕಾಂತಪ್ರಿಯನಾದ ಇಂಗ್ಲಿಷ್ ಶ್ರೀಮಂತನು ಗಾಳಿಗೆ ಆಮ್ಲಜನಕವನ್ನು ಕೂಡಿಸಿ, ಅದರಲ್ಲಿ ವಿದ್ಯುತ್ ಕಿಡಿಗಳನ್ನು ಹಾಯಿಸುತ್ತ, ಉಂಟಾದ ಆಮ್ಲವನ್ನು ಕ್ಷಾರದ್ರಾವಣದಲ್ಲಿ ಕರಗಿಸುತ್ತ ಹೋದನು. ಸಾರಜನಕವೆಲ್ಲ ಹೀರಿಹೋಗಿ, ಮಿಕ್ಕ ಆಮ್ಲಜನಕವನ್ನೂ ತೆಗೆದುಹಾಕಿದ ಮೇಲೆ, ಕೊಳವೆಯ ತುದಿಯಲ್ಲಿ ಒಂದು ಸಣ್ಣ ಗುಳ್ಳೆ ಉಳಿಯಿತು. ಅದು ಮೊದಲಿನ ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದು ಆತ ಬರೆದಿಟ್ಟನು. ಆ ಗುಳ್ಳೆಯೇ ಆರ್ಗಾನ್. ಬೇರೊಬ್ಬನಾಗಿದ್ದರೆ ಅಷ್ಟು ಅಲ್ಪವಾದ ಶೇಷವನ್ನು ಪ್ರಯೋಗದೋಷವೆಂದು ತಳ್ಳಿಬಿಡುತ್ತಿದ್ದನು. ಕ್ಯಾವೆಂಡಿಷನು ತಳ್ಳಲಿಲ್ಲ, ವಿವರಿಸಲೂ ಇಲ್ಲ. ನಡೆದುದನ್ನು ನಡೆದಂತೆ ದಾಖಲಿಸಿ ಸುಮ್ಮನಾದನು. ಆ ವಾಕ್ಯವನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳದೆ ನೂರೊಂಬತ್ತು ವರ್ಷಗಳು ಕಳೆದವು.

ಈ ನಡುವೆ, ಇದೇ ಕುಲದ ಮತ್ತೊಂದು ಅನಿಲವು ಭೂಮಿಯ ಮೇಲೆ ಸಿಕ್ಕುವುದಕ್ಕೆ ಮೊದಲೇ ಸೂರ್ಯನಲ್ಲಿ ಕಂಡಿತು. ಕಂಡ ಸ್ಥಳಗಳಲ್ಲಿ ಒಂದು ನಮ್ಮ ಜಮಖಂಡಿ. 1868ರ ಆಗಸ್ಟ್ 18ರ ಪೂರ್ಣಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಮಚಲೀಪಟ್ಟಣದವರೆಗೆ ಭರತಖಂಡವನ್ನು ಅಡ್ಡಹಾಯ್ದಾಗ, ಫ್ರಾನ್ಸಿನ ಜಾನ್ಸೆನ್ನನು ಗುಂಟೂರಿನಲ್ಲಿ ಯಂತ್ರಗಳನ್ನು ಹೂಡಿದ್ದನು. ಆತನ ಕಥೆಯನ್ನು ಶಾಲಾಪುಸ್ತಕಗಳೂ ಹೇಳುತ್ತವೆ. ಆದರೆ ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ ರೋಹಿತದರ್ಶಕವನ್ನು ಹಿಡಿದು, ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಜಮಖಂಡಿಯಲ್ಲಿ, ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತನು ಮೋಡಗಳ ಎಡೆಯಲ್ಲಿ ಸೂರ್ಯನಿಗಾಗಿ ಕಾಯುತ್ತಿದ್ದುದನ್ನು ಕನ್ನಡಿಗರೇ ಮರೆತಿದ್ದೇವೆ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನಾತ. ಮೋಡ ಸರಿದ ಸ್ವಲ್ಪ ಹೊತ್ತಿನಲ್ಲಿ, ಕರಿಬಿಂಬದ ಅಂಚಿನಿಂದ ಚಾಚಿದ್ದ ಜ್ವಾಲೆಯೊಂದರ ಕಡೆಗೆ ಯಂತ್ರವನ್ನು ತಿರುಗಿಸಿ, ಕೆಂಪು, ಕಿತ್ತಳೆ, ನೀಲಿ ಬಣ್ಣದ ಉಜ್ವಲ ರೇಖೆಗಳನ್ನು ಆತ ಕಂಡನು. ಸೌರಜ್ವಾಲೆಗಳು ಕಾದು ಬೆಳಗುವ ಅನಿಲರಾಶಿಗಳೆಂಬುದು ಅಂದು ನಿಶ್ಚಯವಾಯಿತು.

ಮಧ್ಯದ ಆ ರೇಖೆಯನ್ನು ಹರ್ಷೆಲನೂ ಉಳಿದ ಹಲವರೂ ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ರೇಖೆಯೆಂದೇ ಬಗೆದರು. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರನು ಗ್ರಹಣವಿಲ್ಲದ ಹಗಲಿನಲ್ಲಿಯೇ ಜ್ವಾಲೆಗಳ ರೋಹಿತವನ್ನು ಪಡೆದು ಅಳೆದು ನೋಡಲಾಗಿ, ಅದು ಸೋಡಿಯಂ ರೇಖೆಯ ಸ್ಥಾನದಿಂದ ಕೂದಲೆಳೆಯಷ್ಟು ಸರಿದಿತ್ತು. ಭೂಮಿಯ ಯಾವ ಧಾತುವೂ ಅಲ್ಲಿ ಬೆಳಗುವುದಿಲ್ಲವಾದುದರಿಂದ ಇದು ಸೂರ್ಯನಲ್ಲಿರುವ ಹೊಸ ಧಾತುವೆಂದು ಆತ ಊಹಿಸಿದನು. ಹೀಲಿಯಂ ಎಂಬ ಹೆಸರು ಅಲ್ಲಿಂದ ಬಂದಿತು. ರಸಾಯನಜ್ಞರಲ್ಲಿ ಬಹುಮಂದಿ ಇದನ್ನು ನಂಬಲಿಲ್ಲ. ಲಾಕಿಯರನೇ ಮೂರು ವರ್ಷಗಳ ತರುವಾಯ, 1871ರ ಡಿಸೆಂಬರ್ 12ರ ಗ್ರಹಣವನ್ನು ನೋಡಲು ಕಾಸರಗೋಡು ಸೀಮೆಯ ಬೇಕಲಕೋಟೆಗೆ ಬಂದನು. ಕೆಳದಿಯ ಅರಸರ ಕಾಲದ ಆ ಕೋಟೆಯಲ್ಲಿ ದೂರದರ್ಶಕವನ್ನು ನೆಟ್ಟು ಆತ ಸೂರ್ಯನ ಹೊರಕವಚವನ್ನು ಪರೀಕ್ಷಿಸಿದನು.

ಇನ್ನು ಆರ್ಗಾನಿನ ಕಥೆಗೆ ಮರಳಬೇಕು. 1892ರಲ್ಲಿ ಲಾರ್ಡ್ ರೇಲೀ ಎಂಬ ಭೌತವಿಜ್ಞಾನಿಯು ಅನಿಲಗಳ ಸಾಂದ್ರತೆಯನ್ನು ಅತ್ಯಂತ ನಿಷ್ಕೃಷ್ಟವಾಗಿ ನಿರ್ಣಯಿಸುವ ಕೆಲಸದಲ್ಲಿ ತೊಡಗಿದ್ದಾಗ, ಗಾಳಿಯಿಂದ ಬೇರ್ಪಡಿಸಿದ ಸಾರಜನಕವು ಅಮೋನಿಯ ಮೊದಲಾದ ಸಂಯುಕ್ತಗಳಿಂದ ತಯಾರಿಸಿದ ಸಾರಜನಕಕ್ಕಿಂತ ತುಸು ಭಾರವಾಗಿರುವುದನ್ನು ಕಂಡನು. ಒಂದೇ ಗಾಜಿನ ಗೋಳದಲ್ಲಿ ಮೊದಲನೆಯದು 2.310 ಗ್ರಾಂ ತೂಗಿದರೆ ಎರಡನೆಯದು 2.299 ಗ್ರಾಂ ತೂಗಿತು. ವ್ಯತ್ಯಾಸ ಹನ್ನೊಂದು ಮಿಲಿಗ್ರಾಂ! ಎಷ್ಟು ಸಲ ತೂಗಿದರೂ ಆ ಹನ್ನೊಂದು ಮಿಲಿಗ್ರಾಂ ಅಲುಗಲಿಲ್ಲ. ಕಾರಣ ತೋಚಿದವರು ತಿಳಿಸಬೇಕೆಂದು ಆತ 'ನೇಚರ್' ಪತ್ರಿಕೆಗೆ ಓಲೆ ಬರೆದನು. ಉತ್ತರ ಹುಡುಕಲು ಮುಂದೆ ಬಂದವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ರಾಮ್ಸೆ, ಗ್ಲಾಸ್ಗೋ ನಗರದಲ್ಲಿ 1852ರಲ್ಲಿ ಹುಟ್ಟಿದ ಸ್ಕಾಟನು, ಗಾಜನ್ನೂದಿ ಉಪಕರಣ ಮಾಡಿಕೊಳ್ಳುವುದರಲ್ಲಿ ಸಿದ್ಧಹಸ್ತನು. ಕೆಂಪಗೆ ಕಾಯಿಸಿದ ಮೆಗ್ನೀಸಿಯಂ ಲೋಹದ ಮೇಲೆ ಗಾಳಿಯ ಸಾರಜನಕವನ್ನು ಮತ್ತೆ ಮತ್ತೆ ಹಾಯಿಸಿದಾಗ, ಲೋಹವು ಸಾರಜನಕವನ್ನೆಲ್ಲ ನುಂಗಿ, ಮೂಲಗಾತ್ರದ ಎಂಬತ್ತರಲ್ಲಿ ಒಂದು ಪಾಲಿನಷ್ಟನ್ನು ಮುಟ್ಟದೆ ಬಿಟ್ಟಿತು. ಆ ಶೇಷದ ರೋಹಿತದಲ್ಲಿ ಯಾರೂ ಕಾಣದಿದ್ದ ಕೆಂಪು, ಹಸಿರು ರೇಖೆಗಳ ಸಾಲುಗಳಿದ್ದವು. 1894ರ ಆಗಸ್ಟ್ 13ರಂದು ಆಕ್ಸ್‌ಫರ್ಡಿನ ವಿದ್ವತ್ಸಭೆಯಲ್ಲಿ ರೇಲೀ, ರಾಮ್ಸೆಗಳಿಬ್ಬರೂ ಕೂಡಿ ಹೊಸ ಅನಿಲದ ವಾರ್ತೆಯನ್ನು ಪ್ರಕಟಿಸಿದರು. ಏನನ್ನೂ ಮಾಡದ ಅದರ ಸ್ವಭಾವವನ್ನು ನೋಡಿ, ಸೋಮಾರಿ ಎಂಬರ್ಥದ ಗ್ರೀಕ್ ಹೆಸರನ್ನು ಅದಕ್ಕೆ ಇಟ್ಟರು.

ಆ ಸೋಮಾರಿತನವನ್ನು ಪರೀಕ್ಷಿಸದೆ ಅವರು ಬಿಡಲಿಲ್ಲ. ಕ್ಲೋರಿನ್, ರಂಜಕ, ಗಂಧಕ, ಸೋಡಿಯಂ, ಬಲವಾದ ಆಮ್ಲ, ಬಲವಾದ ಕ್ಷಾರ, ಯಾವುದರೊಡನೆ ಕಾಯಿಸಿದರೂ ಆರ್ಗಾನ್ ಕೂಡಲಿಲ್ಲ. ಸರ್ವಭಕ್ಷಕವೆನಿಸಿದ ಫ್ಲೋರಿನ್ ಅನಿಲವನ್ನು ಮೊದಲು ಬೇರ್ಪಡಿಸಿದ ಮೊಯಸಾನನು ಪ್ಯಾರಿಸಿನಲ್ಲಿ ಯತ್ನಿಸಿ ಸೋತನು. ಅನಿಲದಲ್ಲಿ ಶಬ್ದದ ವೇಗವನ್ನು ಅಳೆದು ಲೆಕ್ಕಹಾಕಿದಾಗ, ಅದರ ಎರಡು ವಿಶಿಷ್ಟೋಷ್ಣಗಳ ನಿಷ್ಪತ್ತಿ 1.66ರ ಆಸುಪಾಸಿಗೆ ಬಂದಿತು. ಇದರರ್ಥ, ಸಾರಜನಕ ಆಮ್ಲಜನಕಗಳ ಪರಮಾಣುಗಳು ಜೋಡಿಜೋಡಿಯಾಗಿ ಸಂಚರಿಸಿದರೆ ಆರ್ಗಾನಿನ ಪರಮಾಣು ತನ್ನ ಜಾತಿಯ ಇನ್ನೊಂದರೊಡನೆಯೂ ಸೇರದೆ ಒಂಟಿಯಾಗಿಯೇ ಇರುತ್ತದೆ. ಕ್ರಾಕೋವಿನ ಓಲ್‌ಷೆವ್ಸ್ಕಿಯು ಅದನ್ನು ದ್ರವೀಕರಿಸಿ ಘನವನ್ನಾಗಿಯೂ ಮಾಡಿದನು. ಇಂದಿನ ಲೆಕ್ಕದಂತೆ ಅದು ಸೊನ್ನೆಯ ಕೆಳಗೆ 185.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, 189.3 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಈ ಎರಡರ ನಡುವಣ ಅಂತರ ಮೂರೂವರೆ ಡಿಗ್ರಿ ಮಾತ್ರ. ನೀರಿನಲ್ಲಿ ಸಾರಜನಕಕ್ಕಿಂತ ಎರಡೂವರೆ ಮಡಿ ಹೆಚ್ಚು ಕರಗುತ್ತದೆ. ಅದರ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳು ಭರ್ತಿಯಾಗಿರುವುದರಿಂದ ಕೊಡುವುದಕ್ಕೂ ಕೊಳ್ಳುವುದಕ್ಕೂ ಅದಕ್ಕೆ ಕಾರಣವಿಲ್ಲವೆಂಬ ವಿವರಣೆ ಬಹಳ ವರ್ಷಗಳ ಮೇಲೆ ಬಂದಿತು. ಅದರ ಬಂಧುವಾದ ಝೆನಾನ್ 1962ರಲ್ಲಿ ಸಂಯುಕ್ತವೊಂದಕ್ಕೆ ಒಳಗಾಯಿತು. ಆರ್ಗಾನಾದರೋ 2000ದವರೆಗೆ ತಡೆದು, ಹೆಲ್ಸಿಂಕಿಯಲ್ಲಿ, ನಿರಪೇಕ್ಷ ಶೂನ್ಯಕ್ಕೆ ಸಮೀಪವಾದ ಕೊರೆತದಲ್ಲಿ, ಜಲಜನಕ ಫ್ಲೋರಿನ್‌ಗಳೊಡನೆ ಒಲ್ಲದ ಮನಸ್ಸಿನಿಂದ ಕೂಡಿತು.

ಈ ಎಲ್ಲ ಗುಣಗಳಿಗಿಂತ ಹೆಚ್ಚಾಗಿ ಆ ಕಾಲದವರನ್ನು ಬಾಧಿಸಿದ್ದು ಅದರ ತೂಕ. ಧಾತುಗಳನ್ನು ಪರಮಾಣುತೂಕದ ಕ್ರಮದಲ್ಲಿ ಜೋಡಿಸಿದರೆ ಅವುಗಳ ಗುಣಗಳು ಆವರ್ತಿಸುತ್ತವೆಂಬ ಮೆಂಡಲೀಫನ ನಿಯಮವು ಆಗ ವೇದವಾಕ್ಯದಂತೆ ಮಾನ್ಯವಾಗಿತ್ತು. ಗುಣವನ್ನು ನೋಡಿದರೆ ಆರ್ಗಾನ್ ಕ್ಲೋರಿನ್ನಿನ ಆಚೆ, ಪೊಟ್ಯಾಸಿಯಂ ಧಾತುವಿನ ಈಚೆ ಕೂರಬೇಕು. ತೂಕವನ್ನು ನೋಡಿದರೆ ಆರ್ಗಾನ್ ಸುಮಾರು 40, ಪೊಟ್ಯಾಸಿಯಂ 39.1. ಹಿಂದೆ ಕೂರಬೇಕಾದುದು ಮುಂದೆ ಕೂರಬೇಕಾದುದಕ್ಕಿಂತ ಭಾರ! ಮೆಂಡಲೀಫನು ಮೊದಮೊದಲು ಇದು ಧಾತುವೇ ಅಲ್ಲ, ಮೂರು ಸಾರಜನಕ ಪರಮಾಣುಗಳ ಗುಂಪಿರಬೇಕೆಂದು ಸಂಶಯಪಟ್ಟನು. ರಾಮ್ಸೆ ಧೈರ್ಯದಿಂದ ಗುಣಕ್ಕೇ ಮಣೆಹಾಕಿ, ಕೋಷ್ಟಕದಲ್ಲಿ ಆರ್ಗಾನಿಗಾಗಿ ಹೊಸದೊಂದು ಸಾಲನ್ನೇ ತೆರೆದನು. ಆದರೆ ಪೊಟ್ಯಾಸಿಯಂಗಿಂತ ಅದೇಕೆ ತೂಕ ಹೆಚ್ಚೆಂಬ ಪ್ರಶ್ನೆ ಹಾಗೆಯೇ ನಿಂತಿತು. ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಡಬೇಕು.

1895ರ ಮಾರ್ಚಿನಲ್ಲಿ ರಾಮ್ಸೆಯು ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಕುದಿಸಿದಾಗ ಹೊರಟ ಅನಿಲದಲ್ಲಿ ಆರ್ಗಾನಿಗೆ ಬದಲಾಗಿ ಲಾಕಿಯರನ ಸೂರ್ಯಧಾತುವೇ ಕಂಡುಬಂದಿತು. ಇಪ್ಪತ್ತೇಳು ವರ್ಷಗಳ ಹಿಂದೆ ಜಮಖಂಡಿ, ಗುಂಟೂರುಗಳಲ್ಲಿ ಹೊಳೆದಿದ್ದ ಆ ರೇಖೆ ಲಂಡನ್ನಿನ ಗಾಜಿನ ನಳಿಗೆಯೊಳಗೆ ಹೊಳೆಯಿತು. ಅನಿಲವು ಬಂಡೆಯೊಳಗೆ ಸೆರೆಯಾಗಿರಬಲ್ಲದೆಂಬ ಪಾಠವನ್ನೂ ಅದು ಕಲಿಸಿತು. ಹೀಲಿಯಂ, ಆರ್ಗಾನ್ ಎರಡು ದೊರೆತ ಮೇಲೆ ಸಾಲಿನ ಖಾಲಿ ಸ್ಥಾನಗಳನ್ನು ತುಂಬುವ ಹುಡುಕಾಟ ನಡೆಯಿತು. ಆಗ ರಾಮ್ಸೆಗೆ ಬಲಗೈಯಾದವನು ಮಾರಿಸ್ ವಿಲಿಯಂ ಟ್ರಾವರ್ಸ್, 1872ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಯುವಕನು. ದ್ರವವಾಯುವನ್ನು ಮೆಲ್ಲಮೆಲ್ಲನೆ ಆವಿಯಾಗಿಸಿ ಅಂಶ ಅಂಶವಾಗಿ ಬೇರ್ಪಡಿಸಿ, 1898ರ ಮೇ ಕೊನೆಯಲ್ಲಿ ಕ್ರಿಪ್ಟಾನ್, ಜೂನಿನಲ್ಲಿ ನಿಯಾನ್, ಆಮೇಲೆ ಝೆನಾನ್, ಹೀಗೆ ಕೆಲವೇ ವಾರಗಳಲ್ಲಿ ಮೂರು ಧಾತುಗಳನ್ನು ಗುರುಶಿಷ್ಯರು ಲೋಕಕ್ಕೆ ಕೊಟ್ಟರು. ಇಂಥ ಬೇಸಿಗೆ ರಸಾಯನಶಾಸ್ತ್ರದ ಇತಿಹಾಸದಲ್ಲಿ ವಿರಳ.

ಅದೇ 1898ರ ವರ್ಷಾಂತ್ಯದಲ್ಲಿ, ಮುಂಬಯಿಯ ಜಮಸೇಟ್‌ಜಿ ಟಾಟಾ ಅವರ ವಿಜ್ಞಾನಪೀಠದ ಯೋಜನೆಯನ್ನು ಹೊತ್ತ ನಿಯೋಗವು ಆಗತಾನೆ ಬಂದಿಳಿದಿದ್ದ ವೈಸರಾಯ್ ಕರ್ಜನ್ ಅವರನ್ನು ಕಂಡಿತು. ಯೋಜನೆಯ ಸಾಧ್ಯಾಸಾಧ್ಯತೆಯನ್ನು ಪರಿಶೀಲಿಸಿ ಸ್ಥಳವನ್ನು ಸೂಚಿಸಲು ಯಾರನ್ನಾದರೂ ಕರೆಸಬೇಕೆಂದಾಗ ಆರಿಸಿದ್ದು ರಾಮ್ಸೆಯನ್ನು. 'ಆರ್ಗಾನ್ ಮತ್ತು ಅದರ ಸಂಗಡಿಗರು' ಎಂಬ, ತಾನೂ ಟ್ರಾವರ್ಸನೂ ಕೂಡಿ ರಚಿಸಿದ ಪ್ರೌಢಪ್ರಬಂಧವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದ 1900ರ ಆ ಚಳಿಗಾಲದಲ್ಲಿಯೇ ಆತ ಸಪತ್ನೀಕನಾಗಿ ಹಡಗು ಹತ್ತಿ, ಹಲವು ವಾರ ದೇಶವನ್ನು ಸುತ್ತಿ, ಬೆಂಗಳೂರೇ ತಕ್ಕ ಸ್ಥಳವೆಂದು ಶಿಫಾರಸು ಮಾಡಿದನು. ಹವೆಯ ತಂಪೇ ಈ ಆಯ್ಕೆಗೆ ಕಾರಣವೆಂದು ಹೇಳುವ ವಾಡಿಕೆಯುಂಟು. ತಂಪು ಹವೆ ಉದಕಮಂಡಲದಲ್ಲಿಯೂ ಇತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯೂ, ಮೊದಲು ಮಹಾರಾಣಿ ವಾಣೀವಿಲಾಸ ಸನ್ನಿಧಾನದವರೂ ಅನಂತರ ನಾಲ್ವಡಿ ಕೃಷ್ಣರಾಜ ಒಡೆಯರೂ ತೋರಿದ ಔದಾರ್ಯವೂ ಇಲ್ಲದಿದ್ದರೆ ಆ ಶಿಫಾರಸು ಕಾಗದದಲ್ಲಿಯೇ ಉಳಿಯುತ್ತಿತ್ತೆಂದು ನನ್ನ ಎಣಿಕೆ. ಮೈಸೂರು ಸರ್ಕಾರವು 371 ಎಕರೆ ಭೂಮಿಯನ್ನೂ, ಕಟ್ಟಡಕ್ಕೆ ಐದು ಲಕ್ಷ ರೂಪಾಯಿಗಳನ್ನೂ, ವರ್ಷಾಶನವಾಗಿ ಐವತ್ತು ಸಾವಿರ ರೂಪಾಯಿಗಳನ್ನೂ ನೀಡಿತು.

ರೇಲೀಗೆ ಭೌತಶಾಸ್ತ್ರದ, ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕಗಳು 1904ರಲ್ಲಿ ಸಂದವು. ಟಾಟಾ ಅವರು ಅದೇ ವರ್ಷ ಮೇ ತಿಂಗಳಿನಲ್ಲಿ ತೀರಿಕೊಂಡರು. ತಮ್ಮ ಕನಸಿನ ಒಂದು ಇಟ್ಟಿಗೆಯನ್ನೂ ಅವರು ನೋಡಲಿಲ್ಲ. ಸಂಸ್ಥೆಯ ಪ್ರಥಮ ನಿರ್ದೇಶಕನಾಗಿ 1906ರಲ್ಲಿ ನಿಯುಕ್ತನಾದವನು ಟ್ರಾವರ್ಸ್. ಮೂರು ಧಾತುಗಳ ಶೋಧನೆಯಲ್ಲಿ ಪಾಲುಗೊಂಡ ಮೂವತ್ತನಾಲ್ಕರ ಪ್ರಾಯದವನು, ಪ್ರಯೋಗಶಾಲೆಯ ನಳಿಗೆಗಳನ್ನು ಬಿಟ್ಟು, ಬೆಂಗಳೂರಿನ ಹೊರವಲಯದ ಬಯಲಿನಲ್ಲಿ ನಕ್ಷೆ, ಅಂದಾಜುಪಟ್ಟಿ, ನಿಯಮಾವಳಿಗಳ ನಡುವೆ ವರ್ಷಗಳನ್ನು ಕಳೆಯಬೇಕಾಯಿತು. 1909ರ ಮೇ 27ರಂದು ಸರ್ಕಾರದ ಆಜ್ಞೆ ಹೊರಟಿತು. 1911ರ ಫೆಬ್ರವರಿ 1ರಂದು ಮಹಾರಾಜರು ಅಡಿಗಲ್ಲನ್ನಿಟ್ಟರು. ಅದೇ ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಸೇರಿದರು. ಸಾಮಾನ್ಯ ರಸಾಯನ, ಅನ್ವಿತ ರಸಾಯನ, ವಿದ್ಯುತ್ ತಂತ್ರಶಾಸ್ತ್ರ ಎಂಬ ವಿಭಾಗಗಳಿಂದ ಕೆಲಸ ಆರಂಭವಾಯಿತು. ಆಡಳಿತಮಂಡಲಿಯೊಡನೆ ಬೆಳೆದ ವಿರಸದ ಫಲವಾಗಿ 1914ರಲ್ಲಿ ಟ್ರಾವರ್ಸ್ ರಾಜೀನಾಮೆಯಿತ್ತು ಸ್ವದೇಶಕ್ಕೆ ಮರಳಿದನು. ಬೆಂಗಳೂರಿಗರು ಆ ಸಂಸ್ಥೆಯನ್ನು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವುದು ನ್ಯಾಯವೇ; ಆದರೆ ನಿಯಾನ್ ದೀಪದ ಕೆಂಪನ್ನು ಮೊದಲು ಕಂಡ ಇಬ್ಬರಲ್ಲೊಬ್ಬನು ಅದನ್ನು ಕಟ್ಟಿದನೆಂಬುದು ಯಶವಂತಪುರದ ದೀಪಫಲಕಗಳ ಕೆಳಗೆ ಓಡಾಡುವ ಎಷ್ಟು ಮಂದಿಗೆ ಗೊತ್ತು?

ಟ್ರಾವರ್ಸನ ಕಾಲಕ್ಕೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೂಲಕ ಓಡುತ್ತ ಕಾಲು ಶತಮಾನವೇ ಆಗಿತ್ತು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನು ಹೊತ್ತ ಆ ಪೇಟೆಯೇ ಇಂದಿನ ರಾಮನಗರ. ರೈಲಿನ ಎರಡು ಮಗ್ಗುಲುಗಳಲ್ಲಿಯೂ ಬೋಳುಬಂಡೆಯ ಗುಡ್ಡಗಳು; ಮಾಗಡಿಯ ಕಡೆಗೆ ಕೆಂಪೇಗೌಡರ ವಂಶದವರ ಸಾವನದುರ್ಗ; ಕನಕಪುರದತ್ತ, ಮರಳವಾಡಿಯ ಸೀಮೆಗೆ, ಹಬ್ಬಿದ ಕಲ್ಲುಗಾಡು. ಟ್ರಾವರ್ಸ್ ಸಂಸ್ಥೆಯನ್ನು ಕಟ್ಟುತ್ತಿದ್ದ ಕಾಲದಲ್ಲಿಯೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಎಂಬಾತನು ನಾಡಿನ ಶಿಲೆಗಳನ್ನು ವರ್ಗೀಕರಿಸುತ್ತ, ಉತ್ತರ ದಕ್ಷಿಣವಾಗಿ ನಾನೂರು ಕಿಲೋಮೀಟರಿನಷ್ಟು ಸಾಗುವ ಈ ಕಣಶಿಲೆಯ ಪಟ್ಟಿಯನ್ನು ಪ್ರತ್ಯೇಕವಾಗಿ ಗುರುತಿಸಿದನು. ಊರಿನ ಹೆಸರು ಬದಲಾದರೂ ಭೂವಿಜ್ಞಾನದಲ್ಲಿ ಅದು 'ಕ್ಲೋಸ್‌ಪೇಟೆ ಗ್ರಾನೈಟ್' ಆಗಿಯೇ ಉಳಿದಿದೆ. ಈ ಕಲ್ಲಿಗೆ ನಸುಗೆಂಪು ಬಣ್ಣವನ್ನು ಕೊಡುವುದು ಅದರಲ್ಲಿರುವ ದಪ್ಪದಪ್ಪನೆಯ ಫೆಲ್ಡ್‌ಸ್ಪಾರ್ ಹರಳುಗಳು. ಆ ಹರಳುಗಳ ಮುಖ್ಯ ಘಟಕಗಳಲ್ಲೊಂದು ಪೊಟ್ಯಾಸಿಯಂ.

ಅಲ್ಲಿಯೇ ಇದ್ದಿತು ಮೆಂಡಲೀಫನನ್ನು ಕಾಡಿದ ಪ್ರಶ್ನೆಗೆ ಉತ್ತರ. ಟ್ರಾವರ್ಸ್ ಬೆಂಗಳೂರಿಗೆ ಬಂದ ಹೊತ್ತಿನಲ್ಲಿಯೇ ಕೇಂಬ್ರಿಜಿನಲ್ಲಿ ಕ್ಯಾಂಬೆಲ್, ವುಡ್ ಎಂಬಿಬ್ಬರು ಪೊಟ್ಯಾಸಿಯಂ ಲವಣಗಳು ಅತಿ ಕ್ಷೀಣವಾಗಿ ವಿಕಿರಣವನ್ನು ಸೂಸುತ್ತವೆಂಬುದನ್ನು ಕಂಡಿದ್ದರು. ಅದಕ್ಕೆ ಕಾರಣವು ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಂದರಂತೆ ಬೆರೆತಿರುವ, 40 ತೂಕದ ಅಸ್ಥಿರ ಪರಮಾಣುವೆಂದು ಮುಂದೆ ತಿಳಿಯಿತು. 1937ರಲ್ಲಿ ಜರ್ಮನಿಯ ವೈಟ್ಸೆಕ್ಕರನು ಒಂದು ಸೂಕ್ಷ್ಮವಾದ ತರ್ಕವನ್ನು ಹೂಡಿದನು: ವಾಯುಮಂಡಲದಲ್ಲಿ ನಿಯಾನ್, ಕ್ರಿಪ್ಟಾನ್‌ಗಳು ಲವಲೇಶವಾಗಿರುವಾಗ ಆರ್ಗಾನೊಂದೇ ಇಷ್ಟು ಹೇರಳವಾಗಿರಬೇಕಾದರೆ ಅದಕ್ಕೆ ಬೇರೊಂದು ಮೂಲವಿರಲೇಬೇಕು, ಪೊಟ್ಯಾಸಿಯಂ 40 ಎಂಬುದೇ ಒಂದು ಎಲೆಕ್ಟ್ರಾನನ್ನು ಒಳಕ್ಕೆಳೆದುಕೊಂಡು ಆರ್ಗಾನ್ 40 ಆಗುತ್ತಿರಬೇಕು. 1948ರಲ್ಲಿ ಆಲ್ಡ್ರಿಚ್ ಮತ್ತು ನೀರ್ ಎಂಬ ಅಮೆರಿಕದ ವಿಜ್ಞಾನಿಗಳು ಪೊಟ್ಯಾಸಿಯಂವುಳ್ಳ ಪುರಾತನ ಖನಿಜಗಳನ್ನು ಕಾಯಿಸಿ, ಹೊರಟ ಆರ್ಗಾನನ್ನು ಪರೀಕ್ಷಿಸಿ, ತರ್ಕವನ್ನು ಪ್ರತ್ಯಕ್ಷಗೊಳಿಸಿದರು. ಗಾಳಿಯಲ್ಲಿರುವ ಆರ್ಗಾನಿನಲ್ಲಿ ನೂರಕ್ಕೆ 99.6 ಪಾಲು ಈ ಬಗೆಯದೇ. ಹಗುರವಾದ 36 ತೂಕದ ಆದಿಮ ಆರ್ಗಾನ್ ಕಿಂಚಿತ್ತಾಗಿ, ಬಂಡೆಯಲ್ಲಿ ಹುಟ್ಟಿದ 40 ತೂಕದ್ದು ರಾಶಿಯಾಗಿರುವುದರಿಂದಲೇ ಸರಾಸರಿ ತೂಕ ಪೊಟ್ಯಾಸಿಯಂಗಿಂತ ಮೇಲೇರಿತು. ಮಗು ತಾಯಿಗಿಂತ ಭಾರವಾಗಿ ಕಂಡದ್ದರ ರಹಸ್ಯವಿಷ್ಟೇ.

ಪೊಟ್ಯಾಸಿಯಂ 40ರ ಅರ್ಧಾಯುಷ್ಯ 125 ಕೋಟಿ ವರ್ಷಗಳು. ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ. ಎಂದರೆ ಕಲ್ಲು ಕರಗಿದ ಸ್ಥಿತಿಯಿಂದ ಗಟ್ಟಿಯಾದಂದು ಅದರಲ್ಲಿದ್ದ ಪೊಟ್ಯಾಸಿಯಂ 40ರಲ್ಲಿ ಈಗ ಕಾಲುಭಾಗ ಮಾತ್ರ ಉಳಿದಿದೆ. ಮುಕ್ಕಾಲು ಭಾಗ ಕ್ಷಯಿಸಿ, ಅದರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಸುಣ್ಣದ ಮೂಲವಾದ ಕ್ಯಾಲ್ಸಿಯಂ ಆಗಿದೆ, ಒಂದು ಪಾಲು ಆರ್ಗಾನ್ ಆಗಿದೆ. ಒಂದು ಟನ್ ಕಲ್ಲಿನಲ್ಲಿ ನೂರಕ್ಕೆ ನಾಲ್ಕರಂತೆ ಪೊಟ್ಯಾಸಿಯಂ ಇದೆಯೆಂದು ಇಟ್ಟುಕೊಂಡು ಲೆಕ್ಕಹಾಕಿದರೆ, ಇದುವರೆಗೆ ಆ ಟನ್ನಿನೊಳಗೆ ಹುಟ್ಟಿದ ಆರ್ಗಾನ್ ಸುಮಾರು ಒಂದೂವರೆ ಗ್ರಾಂ. ಸಾಧಾರಣ ಒತ್ತಡದಲ್ಲಿ ಒಂದು ಲೀಟರು ಪಾತ್ರೆಯನ್ನೂ ಅದು ತುಂಬದು. ಅಲ್ಪವೆನಿಸಬಹುದು. ಆದರೆ ರಾಮನಗರದ ಒಂದೊಂದು ಗುಡ್ಡದಲ್ಲಿ ಎಷ್ಟು ಕೋಟಿ ಟನ್ನುಗಳಿರಬಹುದೆಂದು ಎಣಿಸಿ, ಲೋಕದ ಪರ್ವತಗಳನ್ನೂ ಅವುಗಳ ಕೆಳಗಣ ಭೂಗರ್ಭವನ್ನೂ ಅದಕ್ಕೆ ಸೇರಿಸಿದಲ್ಲಿ, ಗಾಳಿಯ ನೂರರಲ್ಲೊಂದು ಪಾಲು ಎಲ್ಲಿಂದ ಬಂದಿತೆಂಬುದು ಆಶ್ಚರ್ಯವಾಗಿ ತೋರುವುದಿಲ್ಲ.

ಹುಟ್ಟಿದ ಅನಿಲವೆಲ್ಲ ಕಲ್ಲಿನೊಳಗೇ ಉಳಿದಿದೆಯೆಂದು ತಿಳಿಯಬಾರದು. ಯಾವುದಕ್ಕೂ ಅಂಟಿಕೊಳ್ಳದ ಅದರ ಸ್ವಭಾವವೇ ಇಲ್ಲಿ ಭೂವಿಜ್ಞಾನಿಗೆ ತೊಡಕಾಗುತ್ತದೆ: ಹರಳಿನ ಜಾಲರಿಯೊಳಗೆ ಅದು ಸುಮ್ಮನೆ ಸಿಕ್ಕಿಕೊಂಡಿರುತ್ತದೆಯೇ ಹೊರತು ಬೆಸೆದುಕೊಂಡಿರುವುದಿಲ್ಲ, ಯುಗಾಂತರಗಳಲ್ಲಿ ಭೂಮಿಯೊಳಗಿನ ಕಾವು ಒಮ್ಮೆ ಏರಿದರೂ ಸಾಕು, ಸಂದುಗಳಿಂದ ಜಾರಿಬಿಡುತ್ತದೆ. ಆದುದರಿಂದ ಪೊಟ್ಯಾಸಿಯಂ ಮತ್ತು ಆರ್ಗಾನ್‌ಗಳ ಪ್ರಮಾಣವನ್ನು ಹೋಲಿಸಿ ಪಡೆದ ವಯಸ್ಸು ಅನೇಕ ವೇಳೆ ಶಿಲೆಯ ಜನ್ಮಕಾಲವನ್ನಲ್ಲ, ಅದು ಕೊನೆಯ ಸಲ ತಣಿದ ಕಾಲವನ್ನು ಹೇಳುತ್ತದೆ. ಕ್ಲೋಸ್‌ಪೇಟೆ ಗ್ರಾನೈಟಿಗೆ ಈಗ ಒಪ್ಪಿತವಾಗಿರುವ ವಯಸ್ಸನ್ನು ಕೊಟ್ಟದ್ದು, ಈ ಕಾರಣಕ್ಕಾಗಿಯೇ, ಆರ್ಗಾನಲ್ಲ. ಅದೇ ಕಲ್ಲಿನ ಝಿರ್ಕಾನ್ ಎಂಬ ಕಿರುಹರಳುಗಳಲ್ಲಿ ಸೀಸವಾಗಿ ಮಾರ್ಪಡುತ್ತಿರುವ ಯುರೇನಿಯಂ.